ಬಾಲ ಮೊದಲು ಕಂಡವರು

ಕಲ್ಲಿಗೆ ಬಾಲ ಇದೆ ಎಂದು ಅಳತೆಯಮ್ಮನಿಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಒಲೆಯ ಮೇಲೆ ಹಾಲು ಕಾಯುತ್ತಿದ್ದಾಗ. ಹಾಲು ಉಕ್ಕಿತು, ಚೆಲ್ಲಿತು, ಒಲೆಯ ಮೇಲೆಲ್ಲ ಹರಡಿ ಸೀದುಹೋಯಿತು. ಅದರ ವಾಸನೆ ಮೆಟ್ಟಿಲಿಳಿದು ಬೀದಿಗೂ ಹೋಯಿತು. ಅವಳು ಮಾತ್ರ ಕಂಪ್ಯೂಟರಿನ ಮುಂದೆ ಕೂತಲ್ಲೇ ಕೂತಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಕೈಯಲ್ಲಿ ಹಾಲು ಚೆಲ್ಲಿದ್ದು ಅದೇ ಮೊದಲ ಸಲ ಎಂದರೆ ಆ ಬಾಲ ಎಂಥದ್ದಿರಬೇಕು, ನೀವೇ ಊಹಿಸಿಕೊಳ್ಳಿ.

ಕಲ್ಲು ಎಂದರೆ ಬೀದಿಯ ಕಲ್ಲಲ್ಲ. ಮಂಗಳ ಗ್ರಹಕ್ಕೂ ಗುರು ಗ್ರಹಕ್ಕೂ ನಡುವೆ ಲಕ್ಷಗಟ್ಟಲೆ ಬಂಡೆಗಳು ಸೂರ್ಯನನ್ನು ಸುತ್ತುತ್ತಿವೆಯಲ್ಲ, ಪುಸ್ತಕದವರು ಕ್ಷುದ್ರಗ್ರಹ ಎನ್ನುತ್ತಾರಲ್ಲ, ಅಂಥದ್ದೊಂದು. ಏಳು ವರ್ಷದ ಹಿಂದೆ ಅದನ್ನು ಹುಡುಕಿದವರು ಅವಳ ಗಂಡ. ಕೆಳಗೆ ಅವರ ಕನ್ನಡಕದ ಅಂಗಡಿ, ನಡುವೆ ಮನೆ, ಮೇಲೆ ತಾರಸಿಯಲ್ಲಿ ತಗಡಿನ ಗೂಡು, ಗೂಡಿನೊಳಗೆ ಟೆಲಿಸ್ಕೋಪು. ಬೀದಿಯವರೆಲ್ಲ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಅಳತೆಯಮ್ಮ ಎನ್ನುವುದೂ ಅಡ್ಡಹೆಸರೇ. ನಿಜವಾದ ಹೆಸರೂ ಒಂದಿತ್ತು, ಅಪ್ಪ ಅಮ್ಮ ವಾರಗಟ್ಟಲೆ ಯೋಚನೆ ಮಾಡಿ ಇಟ್ಟದ್ದು. ಆದರೆ ಅದನ್ನು ಬಳಸುವವರು ಯಾರು? ಗಂಡನಿಗೆ ಅವಳು ‘ಇವಳೇ’. ಎದುರುಮನೆಯಲ್ಲಿದ್ದ ನಾದಿನಿಗೆ ‘ಅತ್ತಿಗೆ’. ಬೀದಿಗೆ ‘ಕನ್ನಡಕದವರ ಮನೆಯವರು’. ಗಂಡನ ಸ್ನೇಹಿತರೊಬ್ಬರಿದ್ದರು, ಕೆಲಸದಿಂದ ನಿವೃತ್ತರಾದ ಪೋಸ್ಟ್‌ಮಾಸ್ತರರು. ಅವರು ತಮಾಷೆಗೆ ‘ಅಳತೆಯಮ್ಮ’ ಎಂದು ಶುರುಮಾಡಿದ್ದು ಹಾಗೇ ನಿಂತುಬಿಟ್ಟಿತು. ಮದುವೆಗೆ ಮುಂಚೆ ಅವಳು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಗೆರೆ ಒಂದು ಕೂದಲೆಳೆಯಷ್ಟು ಆಚೆ ಹೋದರೂ ಅವಳಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಮನೆಯ ಏರ್ಪಾಡು ಹೀಗೆ. ಕನ್ನಡಕದವರು ರಾತ್ರಿ ಆಕಾಶದ ಒಂದೇ ಜಾಗವನ್ನು ಇಪ್ಪತ್ತು ನಿಮಿಷಕ್ಕೊಂದರಂತೆ ನಾಲ್ಕು ಸಲ ಚಿತ್ರ ತೆಗೆದು, ‘ಆಯ್ತು ಕಣೇ’ ಎಂದು ಮಲಗಿಬಿಡುವರು. ಬೆಳಿಗ್ಗೆ ಎದ್ದು ಆ ನಾಲ್ಕನ್ನೂ ಒಂದರ ಮೇಲೊಂದು ತಿರುಗಿಸಿ ನೋಡುವವಳು ಅಳತೆಯಮ್ಮ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಯಾವುದಾದರೂ ಚುಕ್ಕಿ ಸರಿದರೆ ಅದು ಕಲ್ಲು. ಅದು ಯಾವ ನಕ್ಷತ್ರದಿಂದ ಎಷ್ಟು ದೂರ, ಯಾವ ಕ್ಷಣದಲ್ಲಿ ಎಲ್ಲಿ, ಎಷ್ಟು ಮಸುಕು ಎಂದು ಅಳೆದು ಸಾಲುಸಾಲಾಗಿ ಬರೆದು ಪಟ್ಟಿ ಕಚೇರಿಗೆ ಕಳಿಸಬೇಕು. ಲೋಕದವರೆಲ್ಲ ಹುಡುಕಿದ ಇಂಥ ಕಲ್ಲುಗಳ ಲೆಕ್ಕ ಇಡುವ ಕಚೇರಿ ಅದು. ವರದಿಯ ತಲೆಯಲ್ಲಿ ಎರಡು ಸಾಲು ಇರುತ್ತದೆ: ‘ನೋಡಿದವರು’, ‘ಅಳೆದವರು’. ಮೊದಲನೆಯದರಲ್ಲಿ ಗಂಡ, ಎರಡನೆಯದರಲ್ಲಿ ಹೆಂಡತಿ. ಕಲ್ಲು ಸಿಕ್ಕರೆ ಕೀರ್ತಿಯೆಲ್ಲ ಮೊದಲನೆಯ ಸಾಲಿಗೆ. ನೋಡಿದವರು ಎಂದು ಬರೆಸಿಕೊಂಡ ಮಹಾನುಭಾವರು ಕಲ್ಲು ಕಾಣುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು ಎಂಬುದು ಅಷ್ಟು ದೂರದ ಕಚೇರಿಗೆ ಹೇಗೆ ಗೊತ್ತಾಗಬೇಕು, ಪಾಪ.

ಕಲ್ಲು ಸಿಕ್ಕಿದ ಕೂಡಲೇ ಹೆಸರಿಡುವ ಹಾಗೂ ಇಲ್ಲ. ಎರಡು ರಾತ್ರಿಯ ಅಳತೆ ಕೊಟ್ಟರೆ ಒಂದು ತಾತ್ಕಾಲಿಕ ಗುರುತು ಸಿಗುತ್ತದೆ: ಯಾವ ವರ್ಷ, ವರ್ಷದ ಯಾವ ಹದಿನೈದು ದಿನ, ಆ ಹದಿನೈದು ದಿನದಲ್ಲಿ ಎಷ್ಟನೆಯದು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಕೈಗೆ ಕಟ್ಟುವ ಚೀಟಿಯ ಹಾಗೆ. ಆಮೇಲೆ ವರ್ಷಗಟ್ಟಲೆ ಅದು ಹೋದಲ್ಲೆಲ್ಲ ಹಿಂಬಾಲಿಸಿ, ಇನ್ನು ಇದು ಎಲ್ಲೂ ತಪ್ಪಿಸಿಕೊಳ್ಳುವುದಿಲ್ಲ ಎಂದು ದಾರಿ ಖಚಿತವಾದರೆ ಖಾಯಂ ಸಂಖ್ಯೆ. ಸಂಖ್ಯೆ ಬಂದ ಮೇಲೆಯೇ ಹುಡುಕಿದವರು ಹೆಸರಿಗೆ ಅರ್ಜಿ ಹಾಕಬಹುದು. ಅದಕ್ಕೂ ನೂರೆಂಟು ನಿಯಮ. ತನ್ನ ಹೆಸರು ತಾನೇ ಇಟ್ಟುಕೊಳ್ಳುವ ಹಾಗಿಲ್ಲ. ವ್ಯಾಪಾರದ ಹೆಸರು ಕೂಡದು. ಕನ್ನಡಕದವರು ಮೊದಲು ಅಂಗಡಿಯ ಹೆಸರನ್ನೇ ಕಳಿಸಿ ಮೂರೇ ದಿನದಲ್ಲಿ ಬೈಸಿಕೊಂಡಿದ್ದರು. ಪೋಸ್ಟ್‌ಮಾಸ್ತರರೂ ಆಕಾಶದ ಹುಚ್ಚಿನವರೇ. ತಾವು ಹುಡುಕಿದ ಕಲ್ಲಿಗೆ ಅವರು ತಮ್ಮ ಬೆಕ್ಕಿನ ಹೆಸರು ಕಳಿಸಿ, ಸಾಕುಪ್ರಾಣಿಗಳ ಹೆಸರು ಬೇಡ ಎಂದು ಬುದ್ಧಿ ಹೇಳಿಸಿಕೊಂಡಿದ್ದರು.

ಅಂಗಡಿಯ ಹೆಸರು ವಾಪಸು ಬಂದ ದಿನ ಊಟಕ್ಕೆ ಕೂತಾಗ ಕನ್ನಡಕದವರು ತಟ್ಟೆ ನೋಡುತ್ತಾ ಹೇಳಿದ್ದರು, “ಹೋಗ್ಲಿ ಬಿಡೇ. ನಿನ್ನ ಹೆಸರೇ ಇಟ್ಬಿಡ್ತೀನಿ.”

ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ಆದರೆ ಒಳಗೆ ಆದ ಸಂತೋಷ ಹೇಳತೀರದು. ತಡೆಯಲಾರದೆ ಸಂಜೆ ನಾದಿನಿಗೆ ಹೇಳಿದಳು. ನಾದಿನಿಗೆ ಹೇಳುವುದೂ ಬೀದಿಯಲ್ಲಿ ಡಂಗುರ ಹೊಡೆಸುವುದೂ ಒಂದೇ.

“ಅಲ್ಲ ಅತ್ತಿಗೆ, ಕ್ಷುದ್ರ ಅಂತ ಕರೆಯೋ ಗ್ರಹಕ್ಕೆ ನಿಮ್ಮ ಹೆಸರಾ?” ಎಂದು ನಕ್ಕಳು ನಾದಿನಿ. “ನಮ್ಮಣ್ಣ ಕೊಟ್ಟೂ ಕೊಟ್ಟೂ ಕಲ್ಲು ಕೊಟ್ಟ ನೋಡಿ.”

ನಕ್ಕರೂ ಮರುದಿನ ಬೆಳಗಾಗುವುದರೊಳಗೆ ಹಾಲಿನವನಿಂದ ಹಿಡಿದು ದರ್ಜಿಯವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಳು. ‘ಹೆಸರು ಯಾವಾಗ ಅಚ್ಚಾಗತ್ತಮ್ಮ?’ ಎಂದು ಜನ ಕೇಳತೊಡಗಿದರು. ‘ಹುಣ್ಣಿಮೆಗೊಂದು ಪಟ್ಟಿ ಬರತ್ತೆ. ಬರೋ ಹುಣ್ಣಿಮೆಗೆ ಆಗಬಹುದು’ ಎಂದು ಅವಳು ಹೇಳುವಳು. ಹೇಳುವಾಗ ಸೆರಗು ಸರಿಮಾಡಿಕೊಳ್ಳುವಳು.

ಬಾಲ ಕಾಣುವುದಕ್ಕೆ ಹತ್ತು ದಿನ ಮುಂಚೆ ವರದಿ ಕಳಿಸಲು ಕಂಪ್ಯೂಟರಿನ ಅಂಚೆಪೆಟ್ಟಿಗೆ ತೆರೆದಾಗ ಅವಳಿಗೆ ಕಚೇರಿಯ ಒಂದು ಪತ್ರ ಕಂಡಿತು. ‘ನೀವು ಸೂಚಿಸಿದ ಹೆಸರು ತಲುಪಿದೆ. ಆಕ್ಷೇಪಣೆ ಬರದಿದ್ದರೆ ಬರುವ ಹುಣ್ಣಿಮೆಯ ಪಟ್ಟಿಯಲ್ಲಿ ಅಚ್ಚಾಗುತ್ತದೆ.’ ಕೆಳಗೆ ಹೆಸರು. ಅದು ಪೋಸ್ಟ್‌ಮಾಸ್ತರರ ಹೆಸರು. ಅದರ ಕೆಳಗೆ ನಾಲ್ಕು ಸಾಲು ಹೊಗಳಿಕೆ, ನಲವತ್ತು ವರ್ಷದ ನಿಷ್ಕಳಂಕ ಅಂಚೆ ಸೇವೆ ಇತ್ಯಾದಿ.

ಆಗ ಅವಳಿಗೆ ಹಿಂದಿನ ಹುಣ್ಣಿಮೆಯ ಸಂಗತಿಯೂ ಅರ್ಥವಾಯಿತು. ಪೋಸ್ಟ್‌ಮಾಸ್ತರರು ತಮ್ಮ ಕಲ್ಲಿಗೆ ಕನ್ನಡಕದವರ ಹೆಸರಿಟ್ಟು ಅಚ್ಚು ಮಾಡಿಸಿದ್ದರು. ‘ಕೇಳದೇನೇ ಇಟ್ಟ ನೋಡೇ, ಸ್ನೇಹ ಅಂದ್ರೆ ಇದು’ ಎಂದು ಗಂಡ ಕಣ್ಣೊರೆಸಿಕೊಂಡಿದ್ದರು. ಕೇಳದೆ ಎಲ್ಲಿಂದ ಬಂತು? ತನ್ನ ಹೆಸರು ತಾನಿಡುವ ಹಾಗಿಲ್ಲವೆಂದು ಇಬ್ಬರೂ ಸೇರಿ ಅದಲುಬದಲು ಮಾಡಿಕೊಂಡಿದ್ದರು. ನೀ ನನಗಾದರೆ ನಾ ನಿನಗೆ. ನಡುವೆ ಹೆಂಡತಿಯ ಹೆಸರು ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು. ಬೀದಿಯ ಮುಖ ಹೇಗೆ ನೋಡುವುದು ಎಂಬುದು ಒಂದು. ಅದಕ್ಕಿಂತ ಹೆಚ್ಚಾಗಿ, ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಕಣ್ಣು ನೋಯಿಸಿಕೊಂಡದ್ದಕ್ಕೆ ಒಂದೇ ಒಂದು ಸಲ ಎಲ್ಲಾದರೂ ತನ್ನ ಹೆಸರು ನೋಡಬೇಕು ಎಂಬ ಆಸೆ ಇತ್ತು. ಅದಿಷ್ಟು ದೊಡ್ಡದು ಎಂದು ಅವಳಿಗೂ ಅವತ್ತೇ ಗೊತ್ತಾದದ್ದು. ಅತ್ತು ಮುಗಿದ ಮೇಲೆ ಮುಖ ತೊಳೆದು ಬಾಯಿಗೆ ಬೀಗ ಹಾಕಿಕೊಂಡಳು. ಗಂಡ ಮಾತ್ರ ಆ ವಾರವೆಲ್ಲ ಕೇಳದೆಯೇ ತರಕಾರಿ ಹೆಚ್ಚಿಕೊಟ್ಟರು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಹೀಗೇ.

ಈಗ ಮಂಗಳವಾರಕ್ಕೆ ಬನ್ನಿ. ಅದೇ ಕಲ್ಲಿನ ನಾಲ್ಕು ಚಿತ್ರ. ಅಳೆಯಲು ಹೋದರೆ ಚುಕ್ಕಿ ಅಕ್ಕಪಕ್ಕದ ನಕ್ಷತ್ರಗಳಿಗಿಂತ ಒಂದಿಷ್ಟು ದಪ್ಪ. ಟೆಲಿಸ್ಕೋಪಿನ ಅಲುಗಾಟವೇ ಎಂದರೆ ನಕ್ಷತ್ರಗಳು ನೆಟ್ಟಗಿವೆ. ನಾಲ್ಕೂ ಚಿತ್ರಗಳನ್ನು ಕಲ್ಲು ಸರಿದ ಲೆಕ್ಕದಲ್ಲಿ ಸರಿಸಿ ಒಂದರ ಮೇಲೊಂದು ಕೂಡಿಸಿದಳು. ಚುಕ್ಕಿಯ ಒಂದು ಪಕ್ಕದಿಂದ ಉಸಿರಿನಷ್ಟು ಮಸುಕಾದ ಗೀಟು ಹೊರಟಿತ್ತು. ಸೂರ್ಯ ಯಾವ ಕಡೆ ಎಂದು ಲೆಕ್ಕ ಹಾಕಿದಳು. ಗೀಟು ಸರಿಯಾಗಿ ಅದರ ಎದುರು ದಿಕ್ಕಿಗೆ. ಹಾಲು ಚೆಲ್ಲಿದ್ದು ಆವಾಗ.

ಕಲ್ಲಿಗೆ ಬಾಲ ಬಂದರೆ ಅದು ಬರೀ ಕಲ್ಲಲ್ಲ, ಧೂಮಕೇತು. ಅದಕ್ಕೆ ಪಟ್ಟಿಯೇ ಬೇರೆ. ಆದರೆ ಹೆಸರಿನ ಗತಿ ಏನು ಎಂಬುದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ಪಟ್ಟಿ ಕಚೇರಿಯ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಪೋಸ್ಟ್‌ಮಾಸ್ತರರು. ಅವರು ಬುಧವಾರ ಸಂಜೆ ಚಹಾಕ್ಕೆ ಬಂದೇ ಬರುತ್ತಿದ್ದರು.

ಬಂದರು. ಅಳತೆಯಮ್ಮ ಚಹಾ ಕೊಟ್ಟು, ಯಾವತ್ತೂ ಕೂರದವಳು ಎದುರಿಗೇ ಕೂತಳು. ಗಂಡ ಅಂಗಡಿಯಿಂದ ಇನ್ನೂ ಮೇಲೆ ಬಂದಿರಲಿಲ್ಲ.

“ಮಾಸ್ತರೇ, ಒಂದು ಕೇಳ್ಲಾ? ಸಂಖ್ಯೆ ಬಂದ ಕಲ್ಲಿಗೆ ಆಮೇಲೆ ಬಾಲ ಕಂಡ್ರೆ ಏನ್ಮಾಡ್ತಾರೆ?”

“ಕಲ್ಲಿನ ಹೆಸರಿನ ಪಟ್ಟಿಯಿಂದ ಎತ್ತಿ ಬಾಲದ ಪಟ್ಟಿಗೆ ಹಾಕ್ತಾರೆ,” ಎಂದರು ಪೋಸ್ಟ್‌ಮಾಸ್ತರರು, ಪಾಠ ಒಪ್ಪಿಸುವ ಖುಷಿಯಲ್ಲಿ. “ಅಲ್ಲಿ ಅರ್ಜಿ ಗಿರ್ಜಿ ನಡೆಯಲ್ಲಮ್ಮ. ಕಂಡವರ ಹೆಸರೇ ಧೂಮಕೇತುವಿಗೆ.”

“ಕಂಡವರು ಅಂದ್ರೆ? ಕಲ್ಲು ಕಂಡವರಾ, ಬಾಲ ಕಂಡವರಾ?”

“ಬಾಲ ಮೊದಲು ಕಂಡವರು. ಸಾಮಾನ್ಯವಾಗಿ ಇಬ್ಬರೂ ಒಬ್ಬರೇ ಆಗಿರ್ತಾರೆ ಅನ್ನು.”

“ಅಷ್ಟರೊಳಗೆ ಕಲ್ಲಿಗೆ ಬೇರೆ ಹೆಸರು ಅಚ್ಚಾಗಿಬಿಟ್ಟಿದ್ರೆ?”

“ಆಗ ಅಚ್ಚಾದ ಹೆಸರೇ ಖಾಯಂ. ಧೂಮಕೇತುವಿಗೂ ಅದೇ ಅಂಟ್ಕೊಳ್ಳತ್ತೆ. ಒಂದ್ಸಲ ಹುಣ್ಣಿಮೆ ಪಟ್ಟಿಗೆ ಬಂದ ಹೆಸರನ್ನ ಬ್ರಹ್ಮ ಬಂದ್ರೂ ಅಳಿಸೋಕಾಗಲ್ಲ.” ಅವರು ಚಹಾ ಹೀರಿ ಕಣ್ಣು ಕಿರಿದು ಮಾಡಿದರು. “ಯಾಕಮ್ಮ ಕೇಳ್ತೀಯಾ?”

“ಸುಮ್ನೆ. ತಲೆಗೆ ಬಂತು.”

“ಅಂಥದ್ದು ಲಕ್ಷಕ್ಕೊಂದು. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ,” ಎಂದು ಪೋಸ್ಟ್‌ಮಾಸ್ತರರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ತಾವು ತೋಡಿದ ಹಳ್ಳದ ಆಳವನ್ನೂ ತಾವೇ ಹೇಳಿಕೊಟ್ಟರಲ್ಲ ಎಂದು ಅಳತೆಯಮ್ಮನಿಗೆ ಅವರ ಮೇಲೆ ಮೊದಲ ಬಾರಿಗೆ ಸ್ವಲ್ಪ ಪ್ರೀತಿ ಉಕ್ಕಿತು.

ಆದರೆ ಲೆಕ್ಕ ಸುಲಭವಿರಲಿಲ್ಲ. ಹುಣ್ಣಿಮೆ ಬರುವ ಸೋಮವಾರ. ಪಟ್ಟಿ ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತದೆ. ಅವಳು ಸುಮ್ಮನಿದ್ದರೆ ಅವಳು ಕಂಡ ಬಾಲ ಪೋಸ್ಟ್‌ಮಾಸ್ತರರಿಗೆ ಹೋಗುತ್ತದೆ; ಬೆಕ್ಕಿನ ಹೆಸರಿಡಲು ಹೋದ ಮನುಷ್ಯನಿಗೆ ಒಂದು ಧೂಮಕೇತು. ಗಂಡನಿಗೆ ಹೇಳಿದರೆ ಐದೇ ನಿಮಿಷದಲ್ಲಿ ‘ನಾನು ಕಂಡೆ’ ಎಂದು ಊರು ಒಂದು ಮಾಡುತ್ತಾರೆ. ಅವರಿಗೆ ಸುಳ್ಳು ಹೇಳುವ ಬುದ್ಧಿ ಇರಲಿಲ್ಲ, ಆದರೆ ಹನ್ನೆರಡು ವರ್ಷದಿಂದ ‘ನಾನು ಕಂಡೆ’ ಎಂದು ಹೇಳಿ ಹೇಳಿ ಅದೇ ನಿಜ ಎಂದುಕೊಂಡುಬಿಟ್ಟಿದ್ದರು. ಇನ್ನು, ಒಂದು ರಾತ್ರಿಯ ಚಿತ್ರ ನಂಬಿ ಬಾಲ ಎಂದು ಬರೆದರೆ, ಆಮೇಲೆ ಅದು ಹಿಂದಿದ್ದ ಯಾವುದೋ ಮಸುಕು ನಕ್ಷತ್ರಲೋಕ ಎಂದಾದರೆ, ಅಳತೆಯಮ್ಮನ ಮಾನ ಮೂರು ಕಾಸಿಗೆ. ಎರಡನೆಯ ರಾತ್ರಿ ಬೇಕೇ ಬೇಕು. ಚಂದ್ರ ದಿನದಿನಕ್ಕೂ ದುಂಡಗಾಗುತ್ತ ಆಕಾಶವನ್ನೆಲ್ಲ ಬೆಳ್ಳಗೆ ಬಳಿಯುತ್ತಿದ್ದ. ಇನ್ನೆರಡು ದಿನ ಕಳೆದರೆ ಉಸಿರಿನಂಥ ಆ ಬಾಲ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ.

ಬುಧವಾರ ಊಟದ ಹೊತ್ತಿಗೆ ಅವಳು ಗಂಡನಿಗೆ ಹೇಳಿದಳು, “ರೀ, ನಿಮ್ಮ ಕಲ್ಲಿನ ಅಳತೆ ಯಾಕೋ ಸರಿಯಾಗಿ ಕೂತಿಲ್ಲ. ಚಂದ್ರ ಮುಳುಗಿದ ಮೇಲೆ ಇನ್ನೊಂದ್ಸಲ ತೆಗೀರಿ. ನಾಲ್ಕು ಸಾಲದು, ಹನ್ನೆರಡು ತೆಗೀರಿ.”

“ಹನ್ನೆರಡಾ? ಚಂದ್ರ ಮುಳುಗೋದು ಬೆಳಗಿನ ಜಾವಕ್ಕೆ ಕಣೇ. ಚಳಿ ಬೇರೆ. ಅದಕ್ಕೆ ಸಂಖ್ಯೆ ಬಂದಾಗಿದೆ, ಇನ್ಯಾಕೆ ಅಳೀಬೇಕು?”

“ನನ್ನ ಹೆಸರಿಡ್ತೀರಲ್ಲ, ಅದಕ್ಕೆ. ನೆಟ್ಟಗಿರ್ಲಿ ಅಂತ.”

ಕನ್ನಡಕದವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ನೀರು ಕುಡಿದರು. ಎದ್ದುಹೋಗಿ ಉಣ್ಣೆಯ ಟೋಪಿ ಹುಡುಕತೊಡಗಿದರು. ಹದಿನೈದು ತೆಗೆಯಿರಿ ಎಂದಿದ್ದರೂ ಅವತ್ತು ಅವರು ತೆಗೆಯುತ್ತಿದ್ದರು. ತಪ್ಪು ಮಾಡಿದ ಗಂಡನಂಥ ಉಪಯೋಗದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ.

ಗುರುವಾರ ಬೆಳಿಗ್ಗೆ ಗಂಡ ಸೀನುತ್ತ ಮಲಗಿದ ಮೇಲೆ ಅವಳು ಹನ್ನೆರಡನ್ನೂ ಕೂಡಿಸಿದಳು. ಹಿಂದಿನ ನಕ್ಷತ್ರಗಳೆಲ್ಲ ಬೇರೆಯಾಗಿದ್ದವು. ಬಾಲ ಅದೇ ದಿಕ್ಕಿಗೆ, ಅಷ್ಟೇ ಉದ್ದ. ಎರಡು ಸಲ ಅಳೆದಳು, ಎದ್ದು ಬಟ್ಟೆ ಒಣಗಿಸಿ ಬಂದು ಮೂರನೆಯ ಸಲ ಅಳೆದಳು. ಇನ್ನು ಸಂಶಯವಿರಲಿಲ್ಲ.

ವರದಿ ಬರೆಯಲು ಕೂತಾಗ ತೊಡಕು ಬಂದದ್ದು. ನಮೂನೆಯಲ್ಲಿ ಇರುವುದು ಅದೇ ಎರಡು ಸಾಲು. ನೋಡಿದವರು, ಅಳೆದವರು. ‘ಬಾಲ ಕಂಡವರು’ ಎಂಬ ಸಾಲೇ ಇಲ್ಲ. ಮೊದಲ ಸಾಲಿನಿಂದ ಗಂಡನ ಹೆಸರು ತೆಗೆದು ತನ್ನದು ಹಾಕಿದರೆ ಅದು ಸುಳ್ಳಾಗುತ್ತದೆ. ಆ ಚಳಿಯಲ್ಲಿ ಚಿತ್ರ ತೆಗೆದದ್ದು ಅವರೇ ತಾನೆ? ಅಳತೆಯ ಕೆಲಸದಲ್ಲಿ ಸುಳ್ಳು ಬರೆಯುವುದು ಅವಳ ಕೈಲಾಗದ ಮಾತು. ಬಹಳ ಹೊತ್ತು ಯೋಚಿಸಿ, ಎರಡು ಸಾಲನ್ನೂ ಇದ್ದ ಹಾಗೇ ಬಿಟ್ಟು, ಕೊನೆಯಲ್ಲಿ ಷರಾ ಬರೆಯುವ ಜಾಗದಲ್ಲಿ ಒಂದು ವಾಕ್ಯ ಸೇರಿಸಿದಳು: ‘ಬಾಲ ಕಂಡದ್ದು ಅಳತೆಯ ಮೇಜಿನಲ್ಲಿ, ಅಳೆದವರಿಗೆ.’ ಷರಾ ಓದುವ ಪುಣ್ಯಾತ್ಮರು ಯಾವ ಕಚೇರಿಯಲ್ಲಿದ್ದಾರೆ ಎಂದುಕೊಂಡೇ ಕಳಿಸಿದಳು.

ಶುಕ್ರವಾರ ಉತ್ತರವಿಲ್ಲ. ಶನಿವಾರ ಒಂದು ಸಾಲಿನ ಉತ್ತರ ಬಂತು: ದೊಡ್ಡ ಟೆಲಿಸ್ಕೋಪಿನವರಿಗೆ ತೋರಿಸಿದ್ದೇವೆ, ಕಾಯಿರಿ. ಭಾನುವಾರ ಕಚೇರಿಗೆ ರಜಾ. ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕನ್ನಡಕದವರು ತುಟಿ ಪಿಟಕ್ಕೆನ್ನದೆ ಉಂಡರು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪೋಸ್ಟ್‌ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಿಹಿಯ ಡಬ್ಬಿಯೊಂದನ್ನು ಎದೆಗವಚಿಕೊಂಡು ಅಂಗಡಿಗೆ ಬಂದು, ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕೂತುಬಿಟ್ಟರು. ಕಾಯುವುದು ಹನ್ನೆರಡು ಗಂಟೆಗೆ. ಕನ್ನಡಕದವರು ಒಡೆದ ಕನ್ನಡಕವೊಂದರ ಕಡ್ಡಿಗೆ ತಿರುಪು ಹಾಕುತ್ತಿದ್ದರು. ಅಳತೆಯಮ್ಮ ಇಬ್ಬರಿಗೂ ಕಾಫಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಅಂಗಡಿಯ ಫೋನು ಹೊಡೆದುಕೊಂಡಿತು.

ಕನ್ನಡಕದವರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು. “ಹೇಳಿ... ಯಾರು ಬೇಕಿತ್ತು?... ಯಾರು?... ಒಂದ್ನಿಮಿಷ ಇರಿ.” ಅವರು ಕನ್ನಡಕದ ಆರ್ಡರ್ ಪುಸ್ತಕ ತೆಗೆದು, ಬೆರಳಿನಲ್ಲಿ ಮೇಲಿಂದ ಕೆಳಗೆ ಹುಡುಕಿದರು. ಹಾಳೆ ತಿರುಗಿಸಿ ಮತ್ತೆ ಹುಡುಕಿದರು. “ಇಲ್ಲ ನೋಡಿ, ಆ ಹೆಸರಲ್ಲಿ ಯಾವ ಕನ್ನಡಕಾನೂ ರೆಡಿಯಾಗಿಲ್ಲ. ಗುರುವಾರದ ಮೇಲೆ ಫೋನ್ ಮಾಡಿ.” ಇಟ್ಟುಬಿಟ್ಟರು.

“ಯಾರ್ರೀ ಅದು?” ಎಂದಳು ಅಳತೆಯಮ್ಮ, ನಾಲ್ಕನೆಯ ಮೆಟ್ಟಿಲಲ್ಲಿ ನಿಂತು.

“ಯಾರೋ ಹೆಂಗಸು, ಯಾರನ್ನೋ ಕೇಳಿದ್ಲು,” ಎಂದು ಕನ್ನಡಕದವರು ಆ ಹೆಸರು ಹೇಳಿದರು, ಪರವೂರಿನ ಯಾರದೋ ಹೆಸರು ಹೇಳುವ ಹಾಗೆ. “ನಮ್ಮ ಗಿರಾಕಿ ಅಲ್ಲ.”

ಅಳಬೇಕೋ ನಗಬೇಕೋ ಅಳತೆಯಮ್ಮನಿಗೆ ತಿಳಿಯಲಿಲ್ಲ. ಸಿಟ್ಟು ಎದ್ದು ಬಂತು, ಆದರೆ ಬಾಯಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು.

“ಆ ಹೆಸರಿನವಳು ಮೂವತ್ತೊಂದು ವರ್ಷದಿಂದ ನಿಮಗೆ ಅನ್ನ ಬಡಿಸ್ತಿದಾಳೆ,” ಎಂದಳು.

ತಿರುಪು ಕನ್ನಡಕದವರ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಉರುಳಿಕೊಂಡು ಬೀರುವಿನ ಕೆಳಗೆ ಹೋಯಿತು. ಅವರು ಅದನ್ನು ಹುಡುಕಲಿಲ್ಲ. ಹೆಂಡತಿಯ ಮುಖ ನೋಡಿದರು, ಆರ್ಡರ್ ಪುಸ್ತಕ ನೋಡಿದರು, ಮತ್ತೆ ಹೆಂಡತಿಯ ಮುಖ ನೋಡಿದರು. ಪೋಸ್ಟ್‌ಮಾಸ್ತರರು ನಗಲು ಹೋಗಿ, ಯಾರೂ ನಗುತ್ತಿಲ್ಲ ಎಂದು ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು.

ಈ ಸಲ ಕನ್ನಡಕದವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕಡೆಯವಳ ದನಿ ದೊಡ್ಡದು, ಅಂಗಡಿಗೆಲ್ಲ ಕೇಳಿಸುತ್ತಿತ್ತು.

“ಸರ್, ಇಡಬೇಡಿ. ನಾವು ಪಟ್ಟಿ ಕಚೇರಿಯವರು. ನಿಮ್ಮ ಕಲ್ಲಿಗೆ ಬಾಲ ಇದೆ. ದೊಡ್ಡ ಟೆಲಿಸ್ಕೋಪಿನವರೂ ನೋಡಿ ಹೌದು ಅಂದಿದಾರೆ. ಕಲ್ಲಿನ ಹೆಸರು ಇವತ್ತು ಹನ್ನೆರಡಕ್ಕೆ ಅಚ್ಚಿಗೆ ಹೋಗ್ತಿದೆ, ಅಷ್ಟರೊಳಗೆ ಇತ್ಯರ್ಥ ಆಗ್ಬೇಕು. ವಾಡಿಕೆ ಪ್ರಕಾರ ‘ನೋಡಿದವರು’ ಸಾಲಲ್ಲಿರೋ ಹೆಸರನ್ನೇ ತಗೋತೀವಿ, ಅಂದ್ರೆ ನಿಮ್ಮದು. ಆದ್ರೆ ಕೆಳಗೆ ಷರಾದಲ್ಲಿ ಬೇರೆ ಏನೋ ಬರೆದಿದೆ. ನೀವೇ ಹೇಳಿ. ಬಾಲ ಮೊದಲು ಕಂಡವರು ಯಾರು?”

ಕನ್ನಡಕದವರ ಬಾಯಿ ತೆರೆದದ್ದು ತೆರೆದೇ ಇತ್ತು. ಹದಿನಾಲ್ಕನೆಯ ವಯಸ್ಸಿನಿಂದ ಅವರು ಕಂಡಿದ್ದು ಒಂದೇ ಕನಸು: ಒಂದು ಧೂಮಕೇತು, ಅದಕ್ಕೆ ತಮ್ಮ ಹೆಸರು. ಯಾರೋ ಕೊಟ್ಟ ಕಲ್ಲಿನ ಮೇಲಿನ ಹೆಸರಲ್ಲ, ತಾವೇ ಕಂಡದ್ದರ ಹೆಸರು. ಅದು ಈಗ ಅವರ ನಾಲಿಗೆಯ ತುದಿಯಲ್ಲಿ ಕೂತಿತ್ತು. ‘ನಾನೇ’ ಎಂದರೆ ಸಾಕು.

ಪೋಸ್ಟ್‌ಮಾಸ್ತರರಿಗೆ ಬುಧವಾರದ ಚಹಾ ನೆನಪಾಗಿ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವರು ಕುರ್ಚಿಯಿಂದ ಎದ್ದು ಬಂದು ಸ್ನೇಹಿತರ ತೋಳು ಹಿಡಿದು ಪಿಸುಗುಟ್ಟಿದರು, “ಆಮೇಲೆ ಹೇಳ್ತೀನಿ ಅನ್ನೋ. ಮಧ್ಯಾಹ್ನದ ಮೇಲೆ ಅನ್ನು. ಕೊಟ್ಟ ಮಾತು ಮರೀಬೇಡ. ನಿನ್ನ ಹೆಸರು ನಾನು ಹಾಕಿಸಿದೀನಿ.”

ಕನ್ನಡಕದವರು ಮೆಟ್ಟಿಲ ಕಡೆ ನೋಡಿದರು. ಅಳತೆಯಮ್ಮ ಕಾಫಿ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳು ತಲೆ ಆಡಿಸಲಿಲ್ಲ, ಸನ್ನೆ ಮಾಡಲಿಲ್ಲ. ಇಲ್ಲಿ ತಾನು ಒಂದು ಮಾತಾಡಿದರೂ ಅದು ಕೇಳಿ ಪಡೆದದ್ದಾಗುತ್ತದೆ, ಹಾಗಾಗಬಾರದು ಎಂದು ಹಲ್ಲು ಕಚ್ಚಿ ನಿಂತಿದ್ದಳು.

“ಸರ್? ಲೈನಲ್ಲಿದೀರಾ?”

“ಇದೀನಿ,” ಎಂದರು ಕನ್ನಡಕದವರು. “ನೋಡಿ ಮೇಡಂ, ಬಾಲ ಇರೋದು ನನಗೆ ನೀವು ಹೇಳಿದ ಮೇಲೇ ಗೊತ್ತು. ನಾನು ಗುಂಡಿ ಒತ್ತಿ ಚಿತ್ರ ತೆಗೀತೀನಿ, ಬಂದು ಮಲಗ್ತೀನಿ. ಆ ಕಲ್ಲು ಸಿಕ್ಕಿದಾಗಲೂ ಹಾಗೇನೇ. ಕಾಣೋದೆಲ್ಲ ಇವಳಿಗೇ.”

ಪೋಸ್ಟ್‌ಮಾಸ್ತರರು ತೋಳು ಬಿಟ್ಟು ಕುರ್ಚಿಯ ಮೇಲೆ ಧೊಪ್ಪನೆ ಕೂತರು.

“ಇವಳು ಅಂದ್ರೆ?” ಎಂದಿತು ಫೋನು.

“ನನ್ನ ಹೆಂಡತಿ.”

“ಹೆಸರು ಹೇಳಿ ಸರ್. ‘ಇವಳು’ ಅಂತ ಧೂಮಕೇತುವಿಗೆ ಹೆಸರಿಡೋಕಾಗಲ್ಲ.”

ಕನ್ನಡಕದವರ ಕಿವಿ ಕೆಂಪಾಯಿತು. ಮದುವೆಯಾದ ಮೇಲೆ ಆ ಮನುಷ್ಯ ಹೆಂಡತಿಯದು ಎಂದು ತಿಳಿದು ಆ ಹೆಸರನ್ನು ಅವಳ ಎದುರಿಗೆ ಹೇಳಿದವರೇ ಅಲ್ಲ. ಗೋಡೆಯ ಕಡೆ ತಿರುಗಿ ಹೇಳಿದರು. ಆ ಕಡೆಯವಳಿಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಹೇಳಿದರು. ಆಮೇಲೆ ಏನನ್ನಿಸಿತೋ, ಮೆಟ್ಟಿಲ ಕಡೆಗೆ ತಿರುಗಿ, ಅವಳನ್ನೇ ನೋಡುತ್ತ, ಮೂರನೆಯ ಸಲ ಅಂಗಡಿಯ ಗಾಜೆಲ್ಲ ಅದುರುವ ಹಾಗೆ ಹೇಳಿದರು. ಎದುರುಮನೆಯಿಂದ ನಾದಿನಿ ಕಿಟಕಿ ತೆರೆದು ಬಗ್ಗಿ ನೋಡಿದಳು.

“ಬರ್ಕೊಂಡೆ ಸರ್,” ಎಂದಿತು ಫೋನು. “ಕಲ್ಲಿನ ಹೆಸರಿನ ಅರ್ಜಿ ರದ್ದು.”

ಅಳತೆಯಮ್ಮನ ಕಣ್ಣಿಂದ ನೀರು ತಾನೇ ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ಮಂಗಳವಾರವೇ ಕಂಡಿತ್ತಾ?” ಎಂದರು ಕನ್ನಡಕದವರು ಮೆಲ್ಲಗೆ. “ಹಾಲು ಚೆಲ್ಲಿತಲ್ಲ ಅವತ್ತು? ನನಗೆ ಒಂದು ಮಾತು ಹೇಳಬಾರದಿತ್ತಾ?”

“ಮಾಸ್ತರ ಹೆಸರು ಕಳಿಸಿದಾಗ ನೀವು ನನಗೆ ಹೇಳಿದ್ರಾ?”

ಕನ್ನಡಕದವರು ಬಂದು ಅವಳ ಕೈಯಿಂದ ತಟ್ಟೆ ಇಸಿದುಕೊಂಡರು.

“ನಂದೇನು ಗತಿ?” ಎಂದರು ಪೋಸ್ಟ್‌ಮಾಸ್ತರರು ಕುರ್ಚಿಯಿಂದ. “ನನ್ನ ಕಲ್ಲಿನ ಮೇಲೆ ಇವನ ಹೆಸರು ಕೂತಿದೆ. ಬ್ರಹ್ಮ ಬಂದ್ರೂ ಅಳಿಸೋಕಾಗಲ್ಲ.”

“ನೀವೇ ಹೇಳಿದ್ರಿ ಮಾಸ್ತರೇ,” ಎಂದಳು ಅಳತೆಯಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಬಂದು, ಅವರ ಮಡಿಲಲ್ಲಿದ್ದ ಡಬ್ಬಿಯನ್ನು ತಾನೇ ಎತ್ತಿಕೊಂಡು ದಾರ ಬಿಚ್ಚಿ, ಮೊದಲ ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡಳು.